ದಿಗ್ಭ್ರಮ ಮೀಮಾಂಸೆ

ಶಾಸ್ತ್ರ ಯಾವುದೇ ಇರಲಿ, ಅದಕ್ಕೆ ಅಧಿಕಾರಿ ಯಾರೆಂಬುದು ಮೊದಲು ನಿರ್ಣಯವಾಗಬೇಕು. ನಕ್ಷೆಯಿಲ್ಲದೆ ಕಾಡಿನಲ್ಲಿ ದಾರಿ ತಪ್ಪಿದವನು ಈ ಶಾಸ್ತ್ರಕ್ಕೆ ಅಧಿಕಾರಿಯಲ್ಲ. ಅವನದು ಬರೀ ದುರದೃಷ್ಟ, ಅರಣ್ಯ ಇಲಾಖೆಯವರು ನೋಡಿಕೊಳ್ಳುತ್ತಾರೆ. ಮಲೆನಾಡಿನವನಾದರೆ ದಾರಿ ತಪ್ಪಿಸುವ ಬಳ್ಳಿ ದಾಟಿದೆ ಎಂದು ಹೇಳಿಯೂ ಪಾರಾಗಬಹುದು. ಹೆಬ್ಬೆರಳಿಗೆ ದಿಕ್ಸೂಚಿ ಕಟ್ಟಿಕೊಂಡು, 1:15,000 ಪ್ರಮಾಣದ, ಐದು ಮೀಟರಿಗೊಂದು ಕಾಂಟೂರ್ ಗೆರೆಯಿರುವ, ಎದೆಯೆತ್ತರದ ಬಂಡೆಯನ್ನೂ ಗುರುತಿಸಿದ ನಕ್ಷೆಯನ್ನು ಕೈಯಲ್ಲಿ ಹಿಡಿದೇ ದಾರಿ ತಪ್ಪಿ, ‘ಈ ನಕ್ಷೆ ಮಾಡಿದವನಿಗೆ ತಲೆ ಸರಿಯಿಲ್ಲ’ ಎಂದು ಘೋಷಿಸಬಲ್ಲವನೇ ಉತ್ತಮಾಧಿಕಾರಿ.

ನಕ್ಷೆ ಹಿಡಿದು ಕಾಡಿನಲ್ಲಿ ಓಡುವ ಓರಿಯಂಟಿಯರಿಂಗ್ ಎಂಬ ಈ ಶಾಸ್ತ್ರದ ಉಗಮಸ್ಥಾನ ನಾರ್ವೆ, ಸ್ವೀಡನ್‌ಗಳ ಕಾಡು. ಸಾರ್ವಜನಿಕರಿಗಾಗಿ ಮೊದಲ ಓರಿಯಂಟಿಯರಿಂಗ್ ಓಟ ನಡೆದದ್ದು 1897ರ ಅಕ್ಟೋಬರ್ 31ರಂದು, ಈಗಿನ ಓಸ್ಲೋ ಹತ್ತಿರ. ಯುವಕರಿಗೆ ಮೈದಾನದ ಓಟ ಬೇಸರ ತರಿಸಿದೆಯೆಂದು ಕಂಡುಕೊಂಡ ಸ್ವೀಡನ್ನಿನ ಸೇನಾಧಿಕಾರಿ ಅರ್ನ್ಸ್ಟ್ ಕಿಲಾಂಡರ್ 1919ರಲ್ಲಿ ಸ್ಟಾಕ್‌ಹೋಮ್ ಬಳಿ ಅವರನ್ನು ದೊಡ್ಡ ಸಂಖ್ಯೆಯಲ್ಲಿ ಕಾಡಿಗೆ ಅಟ್ಟಿದರು. ಆ ಕಾರಣಕ್ಕೆ ಪಿತಾಮಹರೆನಿಸಿಕೊಂಡರು. 1961ರಲ್ಲಿ ಹತ್ತು ದೇಶಗಳು ಕೋಪನ್‌ಹೇಗನ್‌ನಲ್ಲಿ ಸೇರಿ ಒಕ್ಕೂಟ ಕಟ್ಟಿದವು, 1966ರಲ್ಲಿ ಫಿನ್ಲೆಂಡಿನ ಫಿಸ್ಕಾರ್ಸ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಹೀಗೆ ದಾರಿ ತಪ್ಪುವುದಕ್ಕೆ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು.

ಆಟದ ವಿಧಿ ಸರಳ. ನಕ್ಷೆಯ ಮೇಲೆ ತ್ರಿಕೋನದಲ್ಲಿ ಆರಂಭ, ಜೋಡಿ ವೃತ್ತದಲ್ಲಿ ಮುಕ್ತಾಯ, ನಡುವೆ ಸಂಖ್ಯೆ ಬರೆದ ವೃತ್ತಗಳು. ಒಂದೊಂದು ವೃತ್ತದ ನಡುಮಧ್ಯಕ್ಕೆ ಸರಿಯಾಗಿ ಕಾಡಿನಲ್ಲೊಂದು ಕಿತ್ತಳೆ–ಬಿಳಿ ಬಾವುಟ ತೂಗುತ್ತಿರುತ್ತದೆ. ಅದೇ ಕಂಟ್ರೋಲ್. ಕ್ರಮ ತಪ್ಪದೆ ಎಲ್ಲವನ್ನೂ ಮುಟ್ಟಿ, ಪಂಚ್ ಮಾಡಿ, ಬೇಗ ಬಂದವನು ಗೆದ್ದ. ಎರಡು ಕಂಟ್ರೋಲ್‌ಗಳ ನಡುವೆ ನೇರಳೆ ಬಣ್ಣದ ನೇರ ಗೆರೆ ಎಳೆದಿರುತ್ತಾರೆ, ಆದರೆ ಅದರ ಮೇಲೆಯೇ ಓಡಬೇಕೆಂಬ ಕಟ್ಟಳೆಯಿಲ್ಲ. ಸಕಲ ಅನರ್ಥಕ್ಕೂ ಮೂಲ ಈ ಸ್ವಾತಂತ್ರ್ಯ.

ಮಾರ್ಗವಿಚಾರದಲ್ಲಿ ಎರಡು ಪಂಥಗಳುಂಟು. ಗೆರೆ ಬಿಡದೆ ಗುಡ್ಡ ಹತ್ತಿಳಿಯುವವರು ಋಜುವಾದಿಗಳು. ಕಾಲುದಾರಿ ಹಿಡಿದು ಗುಡ್ಡವನ್ನು ಬಳಸುವವರು ಪ್ರದಕ್ಷಿಣವಾದಿಗಳು. ಈ ವ್ಯಾಜ್ಯ ತೀರಿಸಲು ಪ್ರಮಾಣವೊಂದಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಒಂದು ಲೆಕ್ಕ ಕೊಟ್ಟರು: ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಸಾವಿರ ಅಡಿ ಏರಿಗೆ ಅರ್ಧ ಗಂಟೆ. ಅಂದರೆ ಒಂದು ಮೀಟರ್ ಏರು ಸುಮಾರು ಎಂಟು ಮೀಟರ್ ಸಪಾಟಿಗೆ ಸಮ. ಈಗ ನೇರ ದಾರಿ 800 ಮೀಟರ್, ಅದರಲ್ಲಿ ಏರು 40 ಮೀಟರ್ ಎಂದಿಟ್ಟುಕೊಳ್ಳಿ. ಒಟ್ಟು 1,120 ಆಯಿತು. ಬಳಸು ದಾರಿ 1,100 ಮೀಟರ್. ಪ್ರದಕ್ಷಿಣವಾದಿಗಳಿಗೆ 20 ಮೀಟರ್ ಜಯ. ಈ ಗುಣಾಕಾರ ಮುಗಿಸುವಷ್ಟರಲ್ಲಿ ಎದುರಾಳಿ 200 ಮೀಟರ್ ಮುಂದೆ ಹೋಗಿರುತ್ತಾನೆ ಎಂಬುದು ಬೇರೆ ಮಾತು.

ಸಂಖ್ಯಾಬಲದಲ್ಲಿ ಮಾತ್ರ ಇವರಿಬ್ಬರನ್ನೂ ಮೀರಿಸಿದ ಮೂರನೆಯ ಪಂಥವೊಂದಿದೆ. ಅದರವರು ಋಜುವಾದಿಗಳಾಗಿ ಹೊರಟು, ಅರ್ಧ ಗುಡ್ಡ ಹತ್ತಿದ ಮೇಲೆ ಉಸಿರು ಸಾಲದೆ ಪ್ರದಕ್ಷಿಣವಾದಕ್ಕೆ ಮತಾಂತರವಾಗುತ್ತಾರೆ. ಏರಿನ ದಂಡವನ್ನೂ ಬಳಸಿನ ದಂಡವನ್ನೂ ಒಟ್ಟಿಗೆ ತೆರುವ ಇವರನ್ನು ಪೂರ್ವಾಚಾರ್ಯರು ಸಮನ್ವಯವಾದಿಗಳೆಂದು ಕರೆದಿರಬೇಕು. ಬೇರೇನಾದರೂ ಕರೆದಿದ್ದರೆ ಅದು ಅಚ್ಚು ಹಾಕುವಂಥದ್ದಲ್ಲ.

ಇನ್ನು ಭ್ರಾಂತಿವಿಚಾರ. ನಮ್ಮ ದಾರ್ಶನಿಕರು ಕಪ್ಪೆಚಿಪ್ಪನ್ನು ಬೆಳ್ಳಿಯೆಂದು ಕಂಡವನ ಬಗ್ಗೆ ಶತಮಾನಗಳ ಕಾಲ ಜಗಳವಾಡಿ ಖ್ಯಾತಿವಾದಗಳನ್ನು ಕಟ್ಟಿದರು. ಅವು ನಿಜವಾಗಿ ಬೇಕಾಗಿದ್ದುದು ಓರಿಯಂಟಿಯರಿಂಗ್‌ಗೆ ಎಂಬುದು ಈ ಪ್ರಬಂಧದ ಪ್ರತಿಪಾದನೆ. ನೈಯಾಯಿಕರ ಅನ್ಯಥಾಖ್ಯಾತಿಯನ್ನೇ ತೆಗೆದುಕೊಳ್ಳಿ: ಒಂದನ್ನು ಇನ್ನೊಂದಾಗಿ ಕಾಣುವುದು. ಕಾಡಿನಲ್ಲಿ ಅಕ್ಕಪಕ್ಕ ಎರಡು ಕಣಿವೆ, ಎರಡರ ಮೂಲೆಯಲ್ಲೂ ಬಂಡೆ. ಓಟಗಾರ ಎಡಗಡೆಯ ಕಣಿವೆಯಲ್ಲಿ ನಿಂತು ಬಲಗಡೆಯದರ ಬಂಡೆಯನ್ನು ಹುಡುಕುತ್ತಾನೆ. ಈ ಆಟದವರು ಇದನ್ನು ಪ್ಯಾರಲಲ್ ಎರರ್ ಎನ್ನುತ್ತಾರೆ. ಅದರ ಸೊಗಸೆಂದರೆ ತೊಂಬತ್ತು ಪಾಲು ಎಲ್ಲವೂ ಹೊಂದುತ್ತದೆ, ಬಾವುಟ ಒಂದು ಮಾತ್ರ ಇರುವುದಿಲ್ಲ. ಪ್ರಾಭಾಕರರ ಅಖ್ಯಾತಿ ಇನ್ನೂ ಸೂಕ್ಷ್ಮ. ಎದುರಿಗೆ ಕಾಣುವುದಕ್ಕೂ ನೆನಪಿನಲ್ಲಿರುವುದಕ್ಕೂ ಭೇದ ತಿಳಿಯದೆ ಹೋಗುವುದು ಅವರ ಪ್ರಕಾರ ಭ್ರಾಂತಿ. ಅರ್ಧ ನಿಮಿಷದ ಹಿಂದೆ ನೋಡಿದ ನಕ್ಷೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಂಟ್ರೋಲನ್ನು ದಾಟಿ ಓಡಿಹೋಗುವವನಿಗೆ ಇದಕ್ಕಿಂತ ಒಳ್ಳೆಯ ಲಕ್ಷಣವಾಕ್ಯ ಸಿಕ್ಕದು.

ಯೋಗಾಚಾರ ಬೌದ್ಧರ ಆತ್ಮಖ್ಯಾತಿಯಲ್ಲಿ ಒಳಗಿನ ಕಲ್ಪನೆಯೇ ಹೊರಗೆ ವಸ್ತುವಾಗಿ ತೋರುತ್ತದೆ. ಕೆರೆ ಇರಬೇಕಾದಲ್ಲಿ ಕೆರೆಯಿಲ್ಲ. ಪರವಾಗಿಲ್ಲ, ಈ ಬೇಸಿಗೆಯಲ್ಲಿ ಬತ್ತಿರಬೇಕು. ಕಾಲುದಾರಿ ಇಲ್ಲ, ಹುಲ್ಲು ಬೆಳೆದು ಮುಚ್ಚಿದೆ. ಗುಡ್ಡವೇ ಇಲ್ಲ. ಅಲ್ಲಿಗೂ ಅವನು ಧೃತಿಗೆಡುವುದಿಲ್ಲ. ನಕ್ಷೆಗೆ ತಕ್ಕಂತೆ ಭೂಮಿಯನ್ನು ತಿದ್ದುತ್ತಾ ಸಾಗುತ್ತಾನೆ. ಮಾಧ್ಯಮಿಕರ ಅಸತ್‌ಖ್ಯಾತಿಗೆ ಉದಾಹರಣೆ ಪೊದೆಯ ಸಂದಿಯಲ್ಲಿ ಮಿಂಚುವ ಕಿತ್ತಳೆ ಬಣ್ಣ. ಹತ್ತಿರ ಹೋದರೆ ಒಣಗಿದ ಎಲೆ.

ಈ ಶಾಸ್ತ್ರದಲ್ಲಿ ಅತ್ಯಂತ ಅಪಾಯಕಾರಿಯಾದದ್ದು ವಿಶಿಷ್ಟಾದ್ವೈತಿಗಳ ಸತ್‌ಖ್ಯಾತಿ. ಅವರ ಮತದಲ್ಲಿ ಕಂಡದ್ದೆಲ್ಲ ನಿಜ. ಬಾವುಟ ನಿಜ, ಪಂಚ್ ಮಾಡಿದಾಗ ಬಂದ ಸದ್ದೂ ನಿಜ. ಆದರೆ ಅದು ಬೇರೆ ವರ್ಗದವರ ಕಂಟ್ರೋಲ್. ಇದನ್ನು ತಡೆಯಲೆಂದೇ ಒಂದೊಂದು ಬಾವುಟಕ್ಕೂ ಒಂದೊಂದು ಕೋಡ್ ಸಂಖ್ಯೆ ಕೊಟ್ಟಿರುತ್ತಾರೆ. ಕ್ರಮಸಂಖ್ಯೆಯೊಂದಿಗೆ ಕಲಸಿಹೋಗಬಾರದೆಂದು ಕೋಡ್ 31ರಿಂದ ಶುರು. 161ನ್ನು ತಲೆಕೆಳಗಾಗಿ ಓದಿದರೆ 191 ಆಗುವುದರಿಂದ ಅಂಥವಕ್ಕೆ ಅಡಿಗೆರೆ ಎಳೆಯಬೇಕೆಂಬ ನಿಯಮವೂ ಇದೆ. ಮನುಷ್ಯಬುದ್ಧಿಯ ಮೇಲೆ ಇಷ್ಟು ವಾಸ್ತವವಾದ ಅಪನಂಬಿಕೆ ಇಟ್ಟ ಗ್ರಂಥ ಇನ್ನೊಂದಿರಲಾರದು. ಕಡೆಗೆ ಶೃಂಗೇರಿಯ ಅದ್ವೈತಿಗಳ ಪಕ್ಷ. ತಪ್ಪು ಗುಡ್ಡವನ್ನು ಕಾಣುವಾಗ ಇಲ್ಲವೆನ್ನಲಾಗದು, ಸರಿಯಾದದ್ದು ಸಿಕ್ಕ ಮೇಲೆ ಇತ್ತೆನ್ನಲಾಗದು. ಆ ಹನ್ನೊಂದು ನಿಮಿಷ ಎಲ್ಲಿದ್ದೆ ಮಾರಾಯ ಎಂದು ಜೊತೆಯವರು ಕೇಳಿದರೆ ಓಟಗಾರನೂ ಹೇಳಲಾರ. ಅದು ಅನಿರ್ವಚನೀಯ. ಮಧ್ವಾಚಾರ್ಯರ ಅಭಿನವಾನ್ಯಥಾಖ್ಯಾತಿಯನ್ನು ಇಲ್ಲಿ ಕೈಬಿಟ್ಟಿದ್ದೇನೆ, ಉಡುಪಿಯ ಮಿತ್ರರ ಕಾಗದಗಳಿಗೆ ಉತ್ತರ ಬರೆಯುವ ತ್ರಾಣ ನನಗಿಲ್ಲ.

ಇಷ್ಟೂ ಭ್ರಾಂತಿಗಳಿಗೆ ಪ್ರಾಯಶ್ಚಿತ್ತ ಒಂದೇ: ನಿಲ್ಲುವುದು, ನಕ್ಷೆಯನ್ನು ಉತ್ತರಕ್ಕೆ ತಿರುಗಿಸುವುದು, ಕಟ್ಟಕಡೆಯದಾಗಿ ಖಚಿತವಿದ್ದ ಜಾಗಕ್ಕೆ ಮರಳುವುದು. ಯಾರೂ ಆಚರಿಸುವುದಿಲ್ಲ. ಎಲ್ಲಿದ್ದೇನೆಂದು ತಿಳಿಯದವನು ನಿಲ್ಲುವ ಬದಲು ಓಟದ ವೇಗ ಹೆಚ್ಚಿಸುತ್ತಾನೆ. ಕಾಡಿನದು ಇದರಲ್ಲಿ ಏನೂ ತಪ್ಪಿಲ್ಲ. ತನಗೆ ಗೊತ್ತಿಲ್ಲ ಎಂಬುದನ್ನು ತನ್ನಿಂದಲೇ ಮುಚ್ಚಿಡಲು ಮನುಷ್ಯ ಕಾಲುಗಳನ್ನು ಬಳಸುವ ರೀತಿ ಇದು.

ನೇರ ಹೋದರೆ ಎಲ್ಲಿಗಾದರೂ ಮುಟ್ಟುತ್ತೇನಲ್ಲ ಎಂಬುದು ಪೂರ್ವಪಕ್ಷ. ಜರ್ಮನಿಯ ಟ್ಯೂಬಿಂಗನ್‌ನ ವಿಜ್ಞಾನಿಗಳು 2009ರಲ್ಲಿ ಇದನ್ನು ಖಂಡಿಸಿದ್ದಾರೆ. ಬೀನ್‌ವಾಲ್ಡ್ ಕಾಡಿನಲ್ಲಿ ನೇರ ನಡೆಯಿರಿ ಎಂದು ಜನರನ್ನು ಬಿಟ್ಟರೆ, ಸೂರ್ಯ ಕಾಣುತ್ತಿದ್ದವರು ನೆಟ್ಟಗೆ ಹೋದರು. ಮೋಡ ಕವಿದಿದ್ದಾಗ ಹೋದವರು ಸುತ್ತು ಹೊಡೆದರು, ಅವರಲ್ಲಿ ಹೆಚ್ಚಿನವರು ತಾವೇ ನಡೆದ ಜಾಡನ್ನು ಗುರುತಿಸದೆ ದಾಟಿದರು. ಋಜುವಾದಿಗಳು ತಿಳಿಯದೆಯೇ ಪ್ರದಕ್ಷಿಣವಾದಿಗಳಾಗಿರುವುದನ್ನು ಇದಕ್ಕಿಂತ ಚೆನ್ನಾಗಿ ಸಾಧಿಸಲಾಗದು.

ಹಾಗಿದ್ದರೆ ಮುಂದಿನವನ ಹಿಂದೆ ಓಡಿದರಾಯಿತಲ್ಲ? ಶಬ್ದಪ್ರಮಾಣದಂತೆ ಇದು ಬೆನ್ನುಪ್ರಮಾಣ. ಇದರ ಖಂಡನೆಗೆ ಫಿನ್ಲೆಂಡಿನಲ್ಲಿ 1949ರಿಂದ ನಡೆದುಬಂದಿರುವ ಯುಕೋಲಾ ರಿಲೇ ನೋಡಬೇಕು. ಜೂನ್ ತಿಂಗಳ ರಾತ್ರಿ, ತಂಡಕ್ಕೆ ಏಳು ಜನ, ಸಾವಿರಕ್ಕೂ ಹೆಚ್ಚು ತಂಡಗಳು, ಹಣೆಗೆ ದೀಪ ಕಟ್ಟಿಕೊಂಡು ಒಮ್ಮೆಗೇ ಕಾಡಿಗೆ ನುಗ್ಗುವ ಜನಜಂಗುಳಿ. ಆದರೆ ಎಲ್ಲರ ನಕ್ಷೆಯೂ ಒಂದೇ ಅಲ್ಲ. ಕೆಲವು ಕಂಟ್ರೋಲ್‌ಗಳನ್ನು ಕವಲೊಡೆಸಿ, ನಿಮ್ಮ ಬಾವುಟ ಈ ಬಂಡೆಯ ಹತ್ತಿರ, ಮುಂದಿನವನದು ಆಚೆಯ ಜೌಗಿನಲ್ಲಿ ಇರುವಂತೆ ಮಾಡಿರುತ್ತಾರೆ. ಅವನ ಬೆನ್ನು ನಂಬಿ ಹೋದವನು ಅವನ ಕಂಟ್ರೋಲಿಗೆ ಕಡು ನಿಷ್ಠೆಯಿಂದ ತಲುಪುತ್ತಾನೆ. ಇತ್ತ ಬಯಲಿನಲ್ಲಿ ಕುಳಿತ ಪ್ರೇಕ್ಷಕರಿಗೆ ಸಂಜಯನ ದಿವ್ಯದೃಷ್ಟಿ: ಜಿಪಿಎಸ್ ಚುಕ್ಕೆ ದೊಡ್ಡ ಪರದೆಯ ಮೇಲೆ ಅಡ್ಡಹಾದಿ ಹಿಡಿಯುವುದನ್ನು ನೋಡಿ ‘ಬಲಕ್ಕೆ, ಬಲಕ್ಕೆ’ ಎಂದು ಕೂಗುತ್ತಾರೆ. ಚುಕ್ಕೆಗೆ ಕೇಳಿಸುವುದಿಲ್ಲ.

ಓಟ ಮುಗಿದ ಮೇಲೆ ನಡೆಯುವುದು ವಾದಗೋಷ್ಠಿ. ಎಲ್ಲರ ಕೈಯಲ್ಲೂ ಬೆವರಿಗೆ ಮೆತ್ತಗಾದ ನಕ್ಷೆ. ಏಳನೆಯದರಲ್ಲಿ ಮೂರು ನಿಮಿಷ ಹೋಗದಿದ್ದರೆ ನಾನೇ ಗೆಲ್ಲುತ್ತಿದ್ದೆ ಎಂದು ಒಬ್ಬ, ಹನ್ನೆರಡನೆಯದರಲ್ಲಿ ನಾಲ್ಕು ಹೋಯಿತೆಂದು ಇನ್ನೊಬ್ಬ. ಹೀಗೆ ಕಳೆದದ್ದನ್ನೆಲ್ಲ ಕಳೆದು ನೋಡಿದರೆ ಆ ದಿನ ಸೋತವರೇ ಯಾರೂ ಇರುವುದಿಲ್ಲ. ಆ ಹೊತ್ತಿಗೆ ಬಾವುಟಗಳನ್ನು ನೆಡಿಸಿದ ಕೋರ್ಸ್ ಸೆಟ್ಟರ್ ಕಾಫಿ ಲೋಟ ಹಿಡಿದು ಬಂದು, ‘ಏಳನೆಯದಾ? ಅಲ್ಲೇ ಇತ್ತಲ್ರೀ, ಬಂಡೆ ಪಕ್ಕದಲ್ಲೇ’ ಎನ್ನುತ್ತಾರೆ. ಅವರಿಗೆ ಓಟಗಾರರೆಲ್ಲ ಸೇರಿ ಏನು ಮಾಡಬಹುದು ಎಂಬ ಪ್ರಶ್ನೆ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ತೀರ್ಪುಗಾರರ ಸಮಿತಿಗೆ ಲಿಖಿತವಾಗಿ ಸಲ್ಲಿಸತಕ್ಕದ್ದು.