ಹತ್ತರ ಸೆಟ್ಟೋ, ಹದಿಮೂರರ ಸೆಟ್ಟೋ

ಗಿಟಾರ್ ಕೊಂಡವರ ಹತ್ತಿರ ಸಂಗೀತದ ಮಾತೆತ್ತಬೇಡಿ, ರಾತ್ರಿ ಊಟಕ್ಕೂ ಬಿಡುವುದಿಲ್ಲ. ಅವರ ಬಾಯಿ ಕಟ್ಟಬೇಕೆಂದರೆ ‘ತಂತಿ ಬದಲಾಯಿಸಿ ಎಷ್ಟು ದಿನ ಆಯ್ತು?’ ಅಂತ ಕೇಳಿ. ತಲೆ ಕೆರೆದುಕೊಂಡು, ‘ಇನ್ನೂ ಒಂದೂ ಹರಿದಿಲ್ವಲ್ಲ!’ ಅನ್ನುತ್ತಾರೆ. ಹರಿಯುವವರೆಗೂ ಅದು ಹೊಸದೇ ಎಂದು ನಂಬಿರುವ ದೊಡ್ಡದೊಂದು ಪಂಥವೇ ನಮ್ಮಲ್ಲಿದೆ.

ನಮ್ಮ ಅಕ್ಕನ ಮಗ ಆ ಪಂಥದ ಪೀಠಾಧಿಪತಿ. ಅಂಗಡಿಯಿಂದ ಬಂದಾಗ ಬಂಗಾರದ ಬಣ್ಣಕ್ಕಿದ್ದ ಕಂಚಿನ ತಂತಿಗಳು ಈಗ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿವೆ. ಸಪೂರದ ಉಕ್ಕಿನವು ಎರಡಕ್ಕೂ ತುಕ್ಕು. ಆಗದೆ ಏನು? ಚಕ್ಕುಲಿ ತಿಂದ ಕೈಯಲ್ಲೇ ಸಿ ಕಾರ್ಡ್ ಹಿಡಿಯುತ್ತಾನೆ. ಎಣ್ಣೆ, ಉಪ್ಪು, ಬೆವರು ಎಲ್ಲ ಸುತ್ತಿನ ಸಂದಿಗೆ ಇಳಿದು ಕೂತರೆ ತಂತಿ ಮಂಕಾಗಿ ‘ಡುಬ್ ಡುಬ್’ ಅನ್ನುತ್ತದೆ, ಶ್ರುತಿಯೂ ನಿಲ್ಲುವುದಿಲ್ಲ. ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸೋ ಅಂದರೆ, ‘ಟೈಮ್ ಇಲ್ಲ ಮಾಮ.’ ರೀಲ್ಸ್ ಮಾಡುವುದಕ್ಕೆ ಇರುತ್ತದೆ.

ಕೊನೆಗೂ ಒಂದು ಭಾನುವಾರ ಹೊಸ ಸೆಟ್ ತರಲು ಹೊರಟ. ಹೊರಡುವಾಗಲೇ ಘೋಷಣೆ: ‘ಹದಿಮೂರರ ಸೆಟ್ ಹಾಕ್ತೀನಿ. ಸ್ಟೀವಿ ರೇ ವಾನ್ ಅದನ್ನೇ ಹಾಕ್ತಿದ್ದ.’

ಹಾಕುತ್ತಿದ್ದದ್ದು ನಿಜ. ಆದರೆ ಟೆಕ್ಸಸ್ಸಿನ ಆ ಮಹಾರಾಯ ನುಡಿಸುತ್ತಿದ್ದದ್ದು ಎಲೆಕ್ಟ್ರಿಕ್ ಗಿಟಾರ್, ಅದನ್ನೂ ಅರ್ಧ ಸ್ವರ ಇಳಿಸಿ. ಇಷ್ಟಾದರೂ ಬೆರಳ ತುದಿ ಕಿತ್ತು ಬಂದು ಸೂಪರ್ ಗ್ಲೂ ಹಚ್ಚಿಕೊಳ್ಳುತ್ತಿದ್ದನಂತೆ. ನಮ್ಮ ಹುಡುಗರು ಕಥೆಯ ಮೊದಲರ್ಧ ಮಾತ್ರ ಕೇಳಿ ಎದ್ದು ಬರುತ್ತಾರೆ. ಬ್ಲ್ಯಾಕ್ ಸಬಾತ್ ಬ್ಯಾಂಡಿನ ಟೋನಿ ಅಯೋಮಿ ಅವರ ಹೆಸರು ಹೇಳಿದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. 1965ರಲ್ಲಿ ಬರ್ಮಿಂಗ್‌ಹ್ಯಾಮ್‌ನ ತಗಡಿನ ಕಾರ್ಖಾನೆಯಲ್ಲಿ ಎರಡು ಬೆರಳ ತುದಿ ಕಳೆದುಕೊಂಡ ಮೇಲೆ, ಬೇಕಾದಷ್ಟು ತೆಳು ಗಿಟಾರ್ ತಂತಿ ಸಿಗದೆ, ಬ್ಯಾಂಜೋ ತಂತಿ ಕಟ್ಟಿಕೊಂಡು ನುಡಿಸಿದವರು ಅವರು. ಅವರ ಸದ್ದಿಗೆ ಹೆದರಿ ಓಡಿದವರುಂಟೇ ಹೊರತು, ತಂತಿ ತೆಳುವಾಯಿತು ಅಂದವರಿಲ್ಲ.

ಈ ಹತ್ತು, ಹನ್ನೊಂದು, ಹದಿಮೂರು ಅಂದರೆ ಅತಿ ಸಪೂರದ ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ. ಹತ್ತು ಅಂದರೆ ಕಾಲು ಮಿಲಿಮೀಟರ್. ಹತ್ತಕ್ಕೂ ಹನ್ನೆರಡಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ, ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ದಪ್ಪ ಹೆಚ್ಚಿದ್ದು ಶೇ. 20 ಆದರೂ ಅದೇ ಶ್ರುತಿಗೆ ತರಲು ಬೇಕಾದ ಎಳೆತ ಶೇ. 44 ಏರುತ್ತದೆ, ಏಕೆಂದರೆ ಅದು ಏರುವುದು ದಪ್ಪದ ವರ್ಗದ ಲೆಕ್ಕದಲ್ಲಿ. ಇವನದರಂಥ ಅಕೌಸ್ಟಿಕ್ಕಿನ ಮೊದಲ ತಂತಿಯ ಮೇಲೆ ಏಳು ಕಿಲೋ ಚಿಲ್ಲರೆ ಇದ್ದದ್ದು ಹತ್ತೂವರೆಗೆ ಹೋಗುತ್ತದೆ. ಒಂದೇ ಬೆರಳನ್ನು ಎಲ್ಲ ತಂತಿಗೂ ಅಡ್ಡ ಒತ್ತುವ ಎಫ್ ಬಾರ್ ಕಾರ್ಡ್ ಹಿಡಿಯಲಾಗದೆ ಗಿಟಾರನ್ನು ಬೀರುವಿನ ಮೇಲೆ ಹತ್ತಿಸಿದವರಲ್ಲಿ ಅರ್ಧ ಜನರ ತಪ್ಪು ಬೆರಳಿನದಲ್ಲ, ಈ ಲೆಕ್ಕದ್ದು ಅನ್ನುವುದು ನನ್ನ ವಾದ.

‘ತೆಳು ತಂತಿಯಲ್ಲಿ ಸೌಂಡ್ ಬರಲ್ಲ ಮಾಮ.’

ಸ್ವಲ್ಪ ಕಡಿಮೆ ಬರುತ್ತದೆ, ಒಪ್ಪಿದೆ. ದೊಡ್ಡ ಹೊಟ್ಟೆಯ ಅಕೌಸ್ಟಿಕ್ ಹನ್ನೆರಡರಲ್ಲೇ ಗುಂಯ್‌ಗುಡುವುದು. ಆದರೆ ನೀನು ನುಡಿಸುವ ಮೂರು ಕಾರ್ಡಿಗೆ ಪಕ್ಕದ ಮನೆಯವರು ಈಗಾಗಲೇ ಕಿಟಕಿ ಹಾಕಿಕೊಳ್ಳುತ್ತಿದ್ದಾರೆ ಕಣೋ, ಸದ್ಯಕ್ಕೆ ಹತ್ತು ಸಾಕು. ಚೌಕಾಸಿಯಲ್ಲಿ ಹನ್ನೊಂದಕ್ಕೆ ನಿಂತೆವು. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಇದ್ದವರಿಗೆ ಮಾತ್ರ ಚೌಕಾಸಿಯೇ ಇಲ್ಲ. ಅದರ ಆರೂ ತಂತಿ ಸೇರಿ ಎಳೆಯುವುದು 40 ಕಿಲೋ ಆಸುಪಾಸು. ಉಕ್ಕಿನ ಹನ್ನೆರಡರ ಸೆಟ್ಟು 70 ಕಿಲೋ ದಾಟುತ್ತದೆ. ಹಾಕಿದಿರೋ, ಬ್ರಿಡ್ಜ್ ಮುಖ ಮೇಲೆತ್ತಿ ‘ನಾ ಬರ್ತೀನಿ’ ಅನ್ನುತ್ತದೆ.

ಹಾಕುವ ಕೆಲಸ ನೋಡುವುದೇ ಒಂದು ಮನರಂಜನೆ. ಆರೂ ತಂತಿಯನ್ನು ಒಟ್ಟಿಗೆ ಕಿತ್ತು ಗಿಟಾರನ್ನು ಬೋಳಿಸಿದರೆ ಯಾವುದು ಎಲ್ಲಿತ್ತು ಎಂಬುದೇ ಮರೆಯುತ್ತದೆ, ಕಲಿಯುವವರಿಗೆ ಒಂದೊಂದಾಗಿ ಬದಲಿಸುವುದೇ ಕ್ಷೇಮ. ಮೊದಲು ಸಡಿಲಿಸಿ, ಆಮೇಲೆ ಕತ್ತರಿಸು ಅಂದರೆ ನಮ್ಮವನು ಬಿಗಿದ ತಂತಿಗೇ ಕಟಿಂಗ್ ಪ್ಲೇಯರ್ ಇಟ್ಟ. ‘ಟಣ್!’ ಒಳಗಿನಿಂದ ಅಕ್ಕ, ‘ಏನೋ ಒಡೆದ್ರಿ?’

ಬ್ರಿಡ್ಜಿನ ತೂತಿಗೆ ತಂತಿಯ ಗುಂಡುತುದಿ ಇಳಿಸಿ, ಪಿನ್ನಿನ ಉದ್ದಕ್ಕಿರುವ ಗೀರು ತಂತಿಯ ಕಡೆಗಿರುವಂತೆ ಒತ್ತಿ, ತಂತಿಯನ್ನು ಮೇಲಕ್ಕೆ ಜಗ್ಗಬೇಕು. ಗುಂಡು ಒಳಗಿನ ಹಲಗೆಗೆ ಕಚ್ಚಿಕೊಂಡಿತೆಂದರೆ ಬೆರಳಿಗೇ ತಿಳಿಯುತ್ತದೆ. ಕಚ್ಚದಿದ್ದರೆ ಬಿಗಿಯುವಾಗ ಪಿನ್ನು ಹಾರಿ ಸೋಫಾ ಕೆಳಗೆ ಸೇರುತ್ತದೆ. ಸೇರಿತು. ಇನ್ನು ಮೇಲಿನ ಗೂಟದಲ್ಲಿ ಸುತ್ತಲು ಎರಡಿಂಚಾದರೂ ಸಡಿಲ ಬಿಡಬೇಕು. ಇವನು ಮೊದಲ ತಂತಿಗೆ ಬಿಟ್ಟದ್ದು ಗೇಣುದ್ದ, ಗೂಟದ ಮೇಲೆ ನೂಲಿನ ಉಂಡೆಯೇ ಎದ್ದಿತು. ಎರಡನೆಯದಕ್ಕೆ ಏನೂ ಬಿಡಲಿಲ್ಲ, ಅದು ಅರ್ಧ ಸುತ್ತಿಗೇ ಜಾರಿತು. ಟ್ಯೂನರ್ ಆ್ಯಪ್ ತೆರೆದು, ‘ಬಿ’ ದಾಟಿ ‘ಸಿ’ಗೆ ಹೋದರೂ ಗಮನಿಸದೆ ‘ಡಿ’ವರೆಗೆ ತಿರುಗಿಸುತ್ತಿದ್ದವನ ಕೈ ಹಿಡಿದು ನಿಲ್ಲಿಸಿದ್ದು ನಾನು. ಇಲ್ಲದಿದ್ದರೆ ಮತ್ತೊಂದು ‘ಟಣ್’.

ಎಲ್ಲ ಮುಗಿದು ಶ್ರುತಿ ಮಾಡಿ ಎರಡು ನಿಮಿಷಕ್ಕೆ ಎಲ್ಲವೂ ಇಳಿದಿದ್ದವು. ‘ಮೋಸದ ತಂತಿ ಮಾಮ, ವಾಪಸ್ ಕೊಡೋಣ.’ ಮೋಸವಲ್ಲ ಮಾರಾಯ, ಹೊಸ ತಂತಿ ಹಿಗ್ಗಿ ಕೂರಬೇಕು. ಒಂದೊಂದನ್ನೂ ಮೆಲ್ಲಗೆ ಮೇಲೆತ್ತಿ ಜಗ್ಗಿ, ಮತ್ತೆ ಶ್ರುತಿ ಮಾಡಿ, ಮತ್ತೆ ಜಗ್ಗಿ... ಅಷ್ಟರಲ್ಲಿ ಅಕ್ಕ ಬಂದು ನೆಲದ ಮೇಲಿದ್ದ ಹಳೆಯ ತಂತಿಗಳನ್ನು ಬಾಚಿಕೊಂಡು ಹಿತ್ತಿಲಿಗೆ ಹೋದಳು. ಮಲ್ಲಿಗೆ ಬಳ್ಳಿ ಕಟ್ಟುವುದಕ್ಕಂತೆ. ತಿರುಗಿ ಬಂದವಳು ಮಗನನ್ನು ಕೇಳಿದಳು:

‘ಮುಂದಿನ ಸಲ ಅದ್ಯಾವುದೋ ಹದಿಮೂರರದು ಅಂದ್ಯಲ್ಲ, ಅದನ್ನೇ ತಾರೋ. ಹಾಗಲಬಳ್ಳಿಗೆ ಇದು ತಡೆಯಲ್ಲ.’