ಕಂಪ್ಲಿ ಕೋಟೆಯಜ್ಜನ ಜೊತೆ ಒಂದು ಜಗಳ

ತುಂಗಭದ್ರೆಗೆ ನೀರು ಬಿಡುವುದು, ಕಂಪ್ಲಿ ಸೇತುವೆ ಮುಳುಗುವುದು, ಟಿವಿಯವರು ಓಡಿ ಬರುವುದು, ನೀರಿಳಿದ ಮೇಲೆ ಎಲ್ಲರೂ ಮರೆಯುವುದು ನಿಮಗೆ ಗೊತ್ತಿದ್ದದ್ದೇ. ಪಕ್ಕದಲ್ಲೇ ಕೂತು ಇದನ್ನೆಲ್ಲ ನೋಡುತ್ತಿರುವ ಹಳೇ ಕೋಟೆ ಈ ಬಗ್ಗೆ ಏನನ್ನುತ್ತದೋ ಕೇಳೋಣ ಎಂದು ಹೋದೆ. ಗೋಡೆಯ ಮೇಲೆ ಸಾಲಾಗಿ ಕುಳ್ಳು ತಟ್ಟಿದ್ದರು. ಸಂದಿಯಲ್ಲಿ ಜಾಲಿ ಬೆಳೆದಿತ್ತು.

ನಾನು: ಅಜ್ಜಾ, ಈ ಸೇತುವೆ ವಿಷಯ...

ಕೋಟೆ: ಅದನ್ನ ಬಿಡು ತಮ್ಮಾ. ಐವತ್ತರ ನೋಟು ಐತೇನು? ಹಿಂದ ತಿರುವು. ಏನೈತಿ?

ನಾನು: ಹಂಪಿ ಕಲ್ಲಿನ ರಥ.

ಕೋಟೆ: ನಾ ಎಲ್ಲಿ ಅದೀನಿ? 1986ರಾಗ ಯುನೆಸ್ಕೋದವರು ಹಂಪಿಗೆ ಪಟ್ಟ ಕಟ್ಟಿದ್ರು. ಹಂಗ ಹೊಳಿಗುಂಟ ಕೆಳಗ ಬಂದಿದ್ರ ನಾ ಸಿಗ್ತಿದ್ದೆ. ವಿಜಯನಗರ ಹುಟ್ಟಿದ್ದು 1336. ಅದಕ್ಕ ಮುನ್ನೂರು ವರ್ಷದ ಹತ್ತಿರ ಮೊದಲ ಚೋಳರು ಬಂದು ಕಂಪಿಲಿಯ ಚಾಲುಕ್ಯರ ಅರಮನಿ ಕೆಡವಿದ್ವಿ ಅಂತ ಶಾಸನದಾಗ ಬರಸ್ಕೊಂಡಾರ. ಅರಮನಿ ಇದ್ರ ತಾನ ಕೆಡವೋದು? ಹಕ್ಕ-ಬುಕ್ಕರೂ ಮೊದಲು ಇಲ್ಲಿನ ದೊರೆ ಕಂಪಿಲಿರಾಯನ ಬೊಕ್ಕಸ ನೋಡ್ಕೊಂಡಿದ್ರಂತ ಮಂದಿ ಹೇಳ್ತಾರ. ಉತ್ಸವ ಮಾತ್ರ ಹಂಪಿಗೆ!

ನಾನು: ಈಗಿರುವ ಗೋಡೆ ಆ ಕಾಲದ್ದೇ?

ಕೋಟೆ: ಹಿರೇರ ವಯಸ್ಸು ಕೇಳಬಾರದು.

ನಾನು: ಮೈಮೇಲೆ ಕುಳ್ಳು ತಟ್ಟಿದ್ದಾರಲ್ಲ, ಬೇಜಾರಿಲ್ಲವೇ?

ಕೋಟೆ: ಒಲಿ ಉರೀಬೇಕಲ್ಲ, ತಟ್ಟಲಿ. ಹಂಪಿ ಮೈಮ್ಯಾಲ ತಟ್ಟಲಿ ನೋಡೋಣು!

ನಾನು: ಸರಿ. ಅಣೆಕಟ್ಟಿನಿಂದ ಲಕ್ಷ ಕ್ಯುಸೆಕ್ ಮೀರಿ ಬಿಟ್ಟರೆ ಗಂಗಾವತಿ ದಾರಿಯೇ ಬಂದ್...

ಕೋಟೆ: 2006ರಾಗ ಸಿನಿಮಾ ಬಂತಲ್ಲ, ಶಿವರಾಜ್‌ಕುಮಾರದು, ‘ಗಂಡುಗಲಿ ಕುಮಾರರಾಮ’. ಮಗನ ಕಥಿ, ಮಲತಾಯಿ ರತ್ನಾಜಿ ಕಥಿ ಎಲ್ಲಾರಿಗೂ ಗೊತ್ತು. ಅಪ್ಪ ಕಂಪಿಲಿರಾಯನ ಕಥಿ ಯಾರಿಗೆ ಬೇಕು?

ನಾನು: ಅಪ್ಪ ಏನು ಮಾಡಿದ?

ಕೋಟೆ: ಬಾಗಿಲು ತೆಗೆದ. ಮುಹಮ್ಮದ್ ತುಘಲಕನ ಸೋದರತ್ತೆಯ ಮಗ ಬಹಾವುದ್ದೀನ್ ಗುರ್ಷಾಸ್ಪ್ ದಂಗೆ ಎದ್ದು, ಸೋತು, ಜೀವ ಉಳಿಸು ಅಂತ ಓಡಿ ಬಂದ. ನಿನ್ನ ದೇವರು ಯಾರು ಅಂತ ಕಂಪಿಲಿರಾಯ ಕೇಳಲಿಲ್ಲ. ದಿಲ್ಲಿ ದಂಡು ಬಂತು. 1327. ಕಾದಿದ್ದು ಹೊಳಿಯಾಚೆ, ಕುಮ್ಮಟದ ಕಡೆ. ಉಳಿಯೋದಿಲ್ಲ ಅಂತ ಗೊತ್ತಾದಾಗ ರಾಯ ನಂಬಿ ಬಂದವನನ್ನ ಹೊಯ್ಸಳರ ಕಡೆ ಸಾಗಹಾಕಿದ. ಆಮೇಲೆ ಬೆಂಕಿ ಹಾಕಿಸಿದ. ಹೆಣ್ಮಕ್ಕಳು ಬೆಂಕಿಗೆ ಬಿದ್ರು. ತಾನು ಹೊರಗ ಬಂದು ಕಾದಿ ಸತ್ತ. ಅಲ್ಲಿ ಹೊಯ್ಸಳರ ದೊರೆ ಬಲ್ಲಾಳ ಆ ಮನುಷ್ಯನನ್ನ ಸುಲ್ತಾನಗ ಒಪ್ಪಿಸಿಬಿಟ್ಟ. ಇದನ್ನ ಬರೆದಿಟ್ಟವ ಮೊರಾಕ್ಕೋದ ಇಬ್ನ್ ಬತೂತಾ. ರಾಯನ ಸೆರೆಸಿಕ್ಕ ಮಕ್ಕಳನ್ನ ದಿಲ್ಲಿಯೊಳಗ ಕಂಡಿದ್ದ ಅವ. ಗಂಡಸರ ಹೆಸರು ಉಳಿದಾವು. ಬೆಂಕಿಗೆ ಬಿದ್ದವರದು ಒಂದು ಹೆಸರಾದ್ರೂ ಹೇಳು ನೋಡೋಣು! ನೀವು ವೇದಿಕೆ ಹತ್ತಿ ಅದನ್ನ ವೀರ ಪರಂಪರೆ ಅಂತೀರಿ. ಹೆಣ್ಣು ಸುಟ್ಟುಕೊಂಡಿದ್ದು ಪರಂಪರೆಯೇನು? ಅದು ಸೋಲು. ಆಶ್ರಯ ಕೊಟ್ಟಿದ್ದು ದೊಡ್ಡದು, ಅದಕ್ಕ ಒಂದು ಫ್ಲೆಕ್ಸ್ ಇಲ್ಲ.

ಇಷ್ಟಾದ ಮೇಲೆ ನಾನು ಸೇತುವೆಯ ಮಾತೆತ್ತಲಿಲ್ಲ ಎಂದರೆ ಸುಳ್ಳಾದೀತು.

ನಾನು: ಆ ಕುಮ್ಮಟದುರ್ಗ ನೋಡೋಣವೆಂದರೂ ಹೊಳೆ ದಾಟಬೇಕಲ್ಲಜ್ಜ? ನೀರು ಬಂದರೆ ಬುಕ್ಕಸಾಗರ, ಕಡೆಬಾಗಿಲು ಸುತ್ತಬೇಕು. ಹೆರಿಗೆ ನೋವಿನ ಹೆಂಗಸೂ ಸುತ್ತಬೇಕೇ? ಎತ್ತರದ ಸೇತುವೆ ಕಟ್ಟಲಿ ಅಂತ ನೀವೂ ಒಂದು ಮಾತು ಹೇಳಿ.

ಕೋಟೆ: ಕಟ್ಟಲಿ. ಅದಕ್ಕೂ ಹಂಪಿ ಹೆಸರೇ ಇಡ್ತೀರಿ.

ನಾನು: ನಿಮಗೇನು ಬೇಕು?

ಕೋಟೆ: ಒಂದು ಬೋರ್ಡು. ಆ ಹೆಣ್ಮಕ್ಕಳ ಹೆಸರು ಯಾರೂ ಬರೀಲಿಲ್ಲ ಅಂತಾದ್ರೂ ಬರೀರಿ.

ಓದುಗರಲ್ಲಿ ವಿನಂತಿ: ಬೋರ್ಡಿಗೋ ಸೇತುವೆಗೋ ಅರ್ಜಿ ಹಾಕುವವರಿದ್ದರೆ ಮೂರು ಪ್ರತಿ ಮಾಡಿಸಿಕೊಳ್ಳಿ. ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿದೆ, ಕುಮ್ಮಟದುರ್ಗ ಕೊಪ್ಪಳದಲ್ಲಿದೆ, ಹಂಪಿ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ.