ಉಡುಪಿ ಮಿಶನ್, ವಡಾಲ ಶಾಖೆ

ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿ ಆರು ತಿಂಗಳು ಇದ್ದು ಬಂದ ಅಧ್ಯಕ್ಷರು ಸಂಘದ ಕಾರ್ಯಕಾರಿ ಸಮಿತಿಯ ತುರ್ತುಸಭೆ ಕರೆದರು. ಜಾಗ, ವಡಾಲ ಸ್ಟೇಶನ್ನಿನ ಪಶ್ಚಿಮಕ್ಕಿರುವ ಹೋಟೆಲೊಂದರ ಎ.ಸಿ. ಮಾಳಿಗೆ. ವಿಷಯ, ಮುಂಬೈಯಲ್ಲಿ ಕನ್ನಡ ಉಳಿಸುವುದು. ಪ್ರತಿ ಸಭೆಯ ವಿಷಯವೂ ಅದೇ ಆದ್ದರಿಂದ ಯಾರೂ ಗಾಬರಿಯಾಗಲಿಲ್ಲ. ಎಂದಿನಂತೆ ಸಭೆ ತುಳುವಿನಲ್ಲಿ ನಡೆಯಿತು, ಮಿನಿಟ್ಸ್ ಇಂಗ್ಲಿಷಿನಲ್ಲಿ ಬರೆಯಲಾಯಿತು, ಬಿಲ್ಲು ಹಿಂದಿಯಲ್ಲಿ ಬಂತು. ಸಂಘದ ಹೆಸರು ಹೇಳುವುದಿಲ್ಲ. ಹೇಳದಿದ್ದರೂ ಈ ಊರಿನ ಪ್ರತಿಯೊಂದು ಸಂಘ ಇದು ಪಕ್ಕದ ಸಂಘದ ಕತೆಯೆಂದು ಗುರುತು ಹಿಡಿಯುತ್ತದೆ.

ಅಧ್ಯಕ್ಷರು ಈ ಸಲ ಬರಿಗೈಯಲ್ಲಿ ಬಂದಿರಲಿಲ್ಲ. ಮಗನ ಮನೆಯ ಕರೆಗಂಟೆ ಒತ್ತಿದ ಇಬ್ಬರು ಹುಡುಗರು ಅವರ ತಲೆ ಕೆಡಿಸಿದ್ದರು. ಬಿಳಿ ಶರಟು, ಟೈ, ಎದೆಯ ಮೇಲೆ ಕಪ್ಪು ಬಿಲ್ಲೆ. ಬಿಲ್ಲೆಯ ಮೇಲೆ ‘ಎಲ್ಡರ್’ ಎಂದು ಬರೆದು ಮುಂದೆ ಮನೆತನದ ಹೆಸರು. ವಯಸ್ಸು ನೋಡಿದರೆ ಹತ್ತೊಂಬತ್ತು ದಾಟಿಲ್ಲ. ಮಾರ್ಮನ್ ಎಂಬ ಕ್ರೈಸ್ತ ಪಂಥದ ಮಿಶನರಿಗಳು. ಒಳಗೆ ಬಿಡದಿದ್ದರೂ ನಗುತ್ತಾ ಮೆಟ್ಟಿಲ ಮೇಲಿನ ಹಿಮ ತೆಗೆದುಕೊಟ್ಟು ಹೋದರಂತೆ. “ನಮ್ಮ ಸಂಘದಲ್ಲಿ ಕುರ್ಚಿ ಮಡಚಲು ಕೂಡ ಒಬ್ಬ ಹುಡುಗ ಸಿಗುವುದಿಲ್ಲ” ಎಂದು ಅಧ್ಯಕ್ಷರು ಯುವ ವಿಭಾಗದ ಕಾರ್ಯಾಧ್ಯಕ್ಷರ ಕಡೆ ನೋಡಿದರು. ಅವರು ಮಂಡಿನೋವಿಗೆ ಎಣ್ಣೆ ಉಜ್ಜಿಕೊಳ್ಳುತ್ತಿದ್ದರು. ಅಲ್ಲಿ ಹದಿನೆಂಟಕ್ಕೇ ಹಿರಿಯರಾಗುತ್ತಾರೆ, ನಮ್ಮಲ್ಲಿ ಐವತ್ನಾಲ್ಕಕ್ಕೂ ಯುವ ವಿಭಾಗ ಬಿಡುವುದಿಲ್ಲ.

ಅಧ್ಯಕ್ಷರ ಯೋಜನೆ ಸರಳ. ಮಾರ್ಮನ್ನರ ನಿಯಮಪುಸ್ತಕವನ್ನು ಹಾಗೆಯೇ ಎತ್ತಿಕೊಳ್ಳುವುದು, ಬೈಬಲ್ ಇದ್ದಲ್ಲಿ ವರ್ಣಮಾಲೆ ಇಡುವುದು, ನಮ್ಮ ಮಕ್ಕಳನ್ನು ಜೋಡಿ ಜೋಡಿಯಾಗಿ ಕನ್ನಡಿಗರ ಮನೆಗಳಿಗೆ ಕಳಿಸುವುದು. ಪ್ರಪಂಚದಲ್ಲೆಲ್ಲ ಆ ಪಂಥದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಿಶನರಿಗಳು ಓಡಾಡುತ್ತಿದ್ದಾರೆ, ನಮಗೆ ಏಳು ಜೋಡಿ ಸಾಕು ಎಂದರು.

ಖಜಾಂಚಿಗೆ ಇತಿಹಾಸದ ಹುಚ್ಚು. ಈ ಮಾರ್ಮನ್ನರು ಮುಂಬೈಗೆ ಹೊಸಬರಲ್ಲ ಎಂದು ಅವರು ಎದ್ದು ನಿಂತರು. 1852ರಲ್ಲಿಯೇ ಹ್ಯೂ ಫಿಂಡ್ಲೆ ಎಂಬಾತ ಹಡಗಿಳಿದು ಇಲ್ಲಿ, ಆಮೇಲೆ ಪುಣೆಯಲ್ಲಿ ಉಪದೇಶ ಮಾಡಿದ್ದ. ಆಗಿನ್ನೂ ಬೋರಿಬಂದರಿನಿಂದ ಠಾಣೆಗೆ ರೈಲು ಓಡಿರಲಿಲ್ಲ. ದಂಡಿನ ಪ್ರದೇಶದ ಅಧಿಕಾರಿಗಳು ಅವನನ್ನು ಹತ್ತಿರ ಸೇರಿಸಲಿಲ್ಲ, ಸಿಕ್ಕಿದ್ದು ಬೆರಳೆಣಿಕೆಯ ಭಕ್ತರು, 1850ರ ದಶಕ ಮುಗಿಯುವ ಮೊದಲೇ ಆ ಕಾಲದ ಮಿಶನರಿಗಳೆಲ್ಲ ಗಂಟು ಕಟ್ಟಿದರು. ನೂರ ನಲವತ್ತು ವರ್ಷ ಬಿಟ್ಟು, 1993ರಲ್ಲಿ, ಬೆಂಗಳೂರಿನಲ್ಲಿ ಮಿಶನ್ ಸ್ಥಾಪಿಸಿದರು. 2018ರಲ್ಲಿ ಅಲ್ಲೊಂದು ದೇವಾಲಯ ಕಟ್ಟುವುದಾಗಿ ಸಾರಿದರು, 2020ರ ಡಿಸೆಂಬರಿನಲ್ಲಿ ಗುದ್ದಲಿಪೂಜೆಯೂ ಆಯಿತು. “ಎರಡು ವರ್ಷದಲ್ಲಿ ಗುದ್ದಲಿಯೇ?” ಎಂದು ಕಾರ್ಯದರ್ಶಿ ನಿಟ್ಟುಸಿರಿಟ್ಟರು. ಸಂಘದ ಕಟ್ಟಡದ ರೀಡೆವಲಪ್‌ಮೆಂಟ್ ಫೈಲು ಅವರ ಬಳಿ ಇದೆ, ಅದನ್ನು ಅವರು ಹಿಂದಿನ ಕಾರ್ಯದರ್ಶಿಯಿಂದ, ಆತ ತನ್ನ ಹಿಂದಿನ ಕಾರ್ಯದರ್ಶಿಯಿಂದ ಪಡೆದದ್ದು.

ನಿಯಮಗಳ ಓದು ಶುರುವಾಯಿತು. ಮೊದಲನೆಯದು, ಬೆಳಿಗ್ಗೆ ಆರೂವರೆಗೆ ಏಳಬೇಕು, ವ್ಯಾಯಾಮ, ಆಮೇಲೆ ಗ್ರಂಥಾಧ್ಯಯನ, ರಾತ್ರಿ ಹತ್ತೂವರೆಗೆ ದೀಪ ಆರಿಸಬೇಕು. “ಐಪಿಎಲ್ ಮ್ಯಾಚ್ ಮುಗಿಯುವುದೇ ಹನ್ನೊಂದೂವರೆಗೆ” ಎಂದು ಯಾರೋ ನೆನಪಿಸಿದರು. ತಿದ್ದುಪಡಿ ಬರೆದುಕೊಳ್ಳಲಾಯಿತು. ಎರಡನೆಯದು, ಎರಡು ವರ್ಷ ಸಿನಿಮಾ ಇಲ್ಲ, ಟಿವಿ ಇಲ್ಲ, ಪ್ರೇಮಪ್ರಕರಣ ಇಲ್ಲ. ತಿದ್ದುಪಡಿಗಳ ಹಾಳೆ ತುಂಬಿತು. ಮೂರನೆಯದು, ಮನೆಗೆ ಫೋನು ವಾರಕ್ಕೊಮ್ಮೆ ಮಾತ್ರ. ಅದೂ 2019ರ ಫೆಬ್ರುವರಿಯಿಂದ ಸಿಕ್ಕ ರಿಯಾಯಿತಿ. ಅದಕ್ಕೆ ಮುಂಚೆ ತಾಯಿಯ ದನಿ ಕೇಳಬೇಕಾದರೆ ಕ್ರಿಸ್‌ಮಸ್ಸೋ ತಾಯಂದಿರ ದಿನವೋ ಬರಬೇಕಿತ್ತು. “ನನ್ನ ಮಗ ಚರ್ಚ್‌ಗೇಟ್ ಕಾಲೇಜಿಗೆ ಹೋದರೂ ದಾದರ್ ದಾಟಿದ ಕೂಡಲೇ ಮೆಸೇಜ್ ಮಾಡಬೇಕು” ಎಂದು ಸದಸ್ಯೆಯೊಬ್ಬರ ಕಣ್ಣು ತುಂಬಿತು. ಆ ಮಗನಿಗೆ ಇಪ್ಪತ್ತಮೂರು.

ನಾಲ್ಕನೆಯ ನಿಯಮಕ್ಕೆ ಸಭೆ ಒಡೆಯುವ ಹಾಗಾಯಿತು. ಮಿಶನರಿ ಎಂದಿಗೂ ಒಬ್ಬನೇ ಇರಬಾರದು, ಜೊತೆಗಾರ ಕಣ್ಣಳತೆಯಲ್ಲೇ ಇರಬೇಕು, ಆ ಜೊತೆಗಾರನನ್ನು ಆರಿಸುವವರು ಮೇಲಿನವರು. ಯಾರ ಹುಡುಗನಿಗೆ ಯಾರ ಹುಡುಗ ಜೋಡಿ? ಬಿಲ್ಲೆಯ ಮೇಲೆ ಮನೆತನದ ಹೆಸರು ಬೇರೆ ಎದ್ದು ಕಾಣುತ್ತದೆ. ಮುಂಬೈಯ ನಾವು ಜಾತಿಗೊಂದು ಸಂಘ, ಸಂಘಕ್ಕೊಂದು ಭವನ, ಭವನಕ್ಕೊಂದು ಹಾಲ್, ಹಾಲ್‌ಗೊಬ್ಬ ಕೇಟರರ್ ಎಂದು ಬಲು ಅಚ್ಚುಕಟ್ಟಾಗಿ ಹಂಚಿಕೊಂಡು ಬದುಕಿದವರು. ಎಲ್ಡರ್ ಶೆಟ್ಟಿ, ಎಲ್ಡರ್ ಪೂಜಾರಿ, ಎಲ್ಡರ್ ಸುವರ್ಣ, ಎಲ್ಡರ್ ಕಾಮತ್ ಒಂದೇ ಕೋಣೆಯಲ್ಲಿ ಎರಡು ವರ್ಷ ಇದ್ದರೆ ಕನ್ನಡ ಉಳಿದೀತು, ಸಂಘಗಳು ಉಳಿಯುತ್ತವೆಯೇ? ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಎಲ್ಲರೂ ನೀರು ಕುಡಿದರು.

ಐದನೆಯದು ಕಾಫಿ. ಮಾರ್ಮನ್ನರ ಪ್ರವಾದಿ ಜೋಸೆಫ್ ಸ್ಮಿತ್ 1833ರಲ್ಲಿ ಕೊಟ್ಟ ಆರೋಗ್ಯಸೂತ್ರದ ಪ್ರಕಾರ ಅವರಿಗೆ ಹೆಂಡ, ತಂಬಾಕು ಮಾತ್ರವಲ್ಲ, ಚಹಾ ಕಾಫಿಯೂ ನಿಷಿದ್ಧ. ಸಮಿತಿಯ ಒಂಬತ್ತು ಮಂದಿಯಲ್ಲಿ ಆರು ಮಂದಿ ಹೋಟೆಲಿನವರು. ಈ ಐಟಂ ಓದಿ ಮುಗಿಯುವ ಮೊದಲೇ ಬಿದ್ದುಹೋಯಿತು.

ಆರನೆಯದು ಎಲ್ಲಕ್ಕಿಂತ ಘೋರ. ಮಿಶನರಿಗೆ ಸಂಬಳವಿಲ್ಲ, ಖರ್ಚು ಅವನದೇ. ಅಮೆರಿಕದ ಹುಡುಗನಾದರೆ ತಿಂಗಳಿಗೆ 500 ಡಾಲರು ತಾನೋ ತನ್ನ ಮನೆಯವರೋ ಕಟ್ಟಬೇಕು. 2020ಕ್ಕೆ ಮುಂಚೆ 400 ಇತ್ತು. ಅಂದರೆ ಎರಡು ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ದಾಟುತ್ತದೆ. ನಾವು ಮಗನನ್ನು ಹೊರದೇಶಕ್ಕೆ ಕಳಿಸಲು ಅದಕ್ಕೆ ಐದಾರು ಪಟ್ಟು ಸಾಲ ಮಾಡುತ್ತೇವೆ ನಿಜ, ಆದರೆ ಅವನು ಮರಳಿ ಬರುವುದಿಲ್ಲವೆಂಬ ಭರವಸೆ ಇರುತ್ತದೆ. ದುಡ್ಡೂ ಕೊಟ್ಟು ಎರಡೇ ವರ್ಷಕ್ಕೆ ಮನೆಗೆ ವಾಪಸು ಎಂದರೆ ಯಾವ ತಂದೆ ಒಪ್ಪುತ್ತಾನೆ?

ಆಗ ಮಹಿಳಾ ವಿಭಾಗದ ಕಾರ್ಯಾಧ್ಯಕ್ಷೆ ಮೈಕ್ ಕೇಳಿದರು. ಮಾರ್ಮನ್ನರಲ್ಲಿ ನಿವೃತ್ತ ದಂಪತಿಗಳೂ ಮಿಶನ್‌ಗೆ ಹೋಗುತ್ತಾರಂತಲ್ಲ, ಅದರಲ್ಲಿ ಹೊಸತೇನು ಎಂದರು. ಮಗಳ ಬಾಣಂತನಕ್ಕೆ ಅವರು ಡಲ್ಲಾಸಿಗೆ ಹೋಗಿ ಬಂದಿದ್ದಾರೆ, ಸೊಸೆಯದಕ್ಕೆ ಸಿಯಾಟಲ್‌ಗೆ. ಟಿಕೆಟ್ ಸ್ವಂತದ್ದು. ಉಪ್ಪಿನಕಾಯಿ, ಸಾರಿನ ಪುಡಿ, ಬಾಣಂತಿ ಲೇಹ್ಯ ಎಲ್ಲ ಸ್ವಂತದ್ದು. ಸಮವಸ್ತ್ರ ಉಂಟು, ಸೀರೆ, ಮೇಲೊಂದು ಸ್ವೆಟರ್, ಕಾಲಿಗೆ ಬಿಳಿ ಶೂ. ಕಾರು ಬಿಡಲು ಬಾರದ್ದರಿಂದ ಒಬ್ಬರೇ ಹೊರಗೆ ಹೋಗುವಂತಿಲ್ಲ, ಜೊತೆಗಾರನಾಗಿ ಗಂಡ ಎಂಬುವನು ಸೋಫಾದ ಮೇಲೆ ಸದಾ ಕಣ್ಣಳತೆಯಲ್ಲಿ ಇರುತ್ತಾನೆ. ಆರು ತಿಂಗಳು ಮಗುವಿಗೆ ಕನ್ನಡದಲ್ಲಿ ಲಾಲಿ ಹಾಡಿ, ವೀಸಾ ಮುಗಿದು ಬಂದ ಮೇಲೆ ಮಗು ವಿಡಿಯೋ ಕಾಲಿನಲ್ಲಿ ‘ಹಾಯ್ ಗ್ರ್ಯಾಂಡ್‌ಮಾ’ ಅನ್ನುತ್ತದೆ. ಇಡೀ ಸಭೆಯಲ್ಲಿ ನಿಜವಾದ ಮಿಶನ್ ವರದಿ ಅದೊಂದೇ ಆಗಿತ್ತು ಎಂದು ನನ್ನ ಅಭಿಪ್ರಾಯ. ಮಿನಿಟ್ಸ್‌ನಲ್ಲಿ ‘ಮಹಿಳಾ ಸದಸ್ಯರು ಅನುಭವ ಹಂಚಿಕೊಂಡರು’ ಎಂದು ಬಂದಿದೆ.

ಮೂಲೆಯಲ್ಲಿ ಕೂತಿದ್ದ ಹಿರಿಯ ಸದಸ್ಯರೊಬ್ಬರಿಗೆ ಕಿವಿ ಸ್ವಲ್ಪ ಮಂದ. ನಿಯಮಗಳನ್ನೆಲ್ಲ ಪಕ್ಕದವರಿಂದ ಕೇಳಿ ತಿಳಿದುಕೊಂಡು ಅವರು ಗಹಗಹಿಸಿ ನಕ್ಕರು. “ಎಂತದ್ದು ಮಾರಾಯ್ರೆ, ಇದಕ್ಕೆ ಅಮೆರಿಕಕ್ಕೆ ಹೋಗಬೇಕಿತ್ತಾ? ಹನ್ನೆರಡನೇ ವರ್ಷಕ್ಕೆ ನನ್ನನ್ನು ಕಾರ್ಕಳದಲ್ಲಿ ಬಸ್ಸು ಹತ್ತಿಸಿದ್ರಲ್ಲ, ಅದು ಮತ್ತೆ ಎಂತ? ಆರೂವರೆಗೆ ಏಳುವುದಾ? ನಾವು ನಾಲ್ಕಕ್ಕೆ ಎದ್ದು ಇಡ್ಲಿ ಹಿಟ್ಟಿನ ಮುಂದೆ ನಿಂತಾಗಿರ್ತಿತ್ತು. ಮೊದಲು ಮೋರಿಯಲ್ಲಿ ಪಾತ್ರೆ, ಮತ್ತೆ ಟೇಬಲ್ ಒರೆಸುವುದು, ಮತ್ತೆ ಬಾಹರ್‌ವಾಲ, ಕಡೆಗೆ ಗಲ್ಲೆ. ಜೊತೆಗಾರ ಒಬ್ಬನಾ? ಒಂದು ಖೋಲಿಗೆ ಹನ್ನೊಂದು ಜನ. ಊರಿಗೆ ಮೂರು ವರ್ಷಕ್ಕೊಮ್ಮೆ. ಫೋನು ಎಲ್ಲಿಯದು, ಅಮ್ಮನಿಗೆ ಕಾಗದ ಬರೆದರೆ ಅವಳಿಗೆ ಓದಲಿಕ್ಕೆ ಬರುದಿಲ್ಲ, ಓದಿ ಹೇಳುವ ಮೇಷ್ಟ್ರಿಗೆ ನಾನು ಅತ್ತದ್ದು ಗೊತ್ತಾಗಬಾರದಲ್ಲ, ಅದಕ್ಕೆ ಕ್ಷೇಮ ಅಂತ ಮಾತ್ರ ಬರೆಯುವುದು.”

ಊರಿನ ಹುಡುಗರ ಈ ಉಡುಪಿ ಮಿಶನ್ನಿಗೆ ಚರಿತ್ರೆಯಿದೆ, ಪ್ರವಾದಿಗಳೂ ಇದ್ದಾರೆ. ಹುಡುಗನಾಗಿ ಊರು ಬಿಟ್ಟು ಬಂದ ಎ. ರಾಮ ನಾಯಕ್ 1942ರಲ್ಲಿ ಮಾಟುಂಗಾ ಸ್ಟೇಶನ್ ಪಕ್ಕ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು, ಬಾಳೆಲೆ ಇವತ್ತಿಗೂ ಹಾಕುತ್ತಾರೆ. ಗ್ರಂಥಾಧ್ಯಯನದ ಹೊತ್ತು ರಾತ್ರಿ. ಮೊಗವೀರರ, ಬಿಲ್ಲವರ ಸಂಘಗಳು ನಡೆಸಿದ ಕನ್ನಡ ರಾತ್ರಿ ಶಾಲೆಗಳಲ್ಲಿ ಸಾಂಬಾರಿನ ವಾಸನೆಯ ಹುಡುಗರು ತೂಕಡಿಸುತ್ತಲೇ ಮೆಟ್ರಿಕ್ ಮುಗಿಸಿದರು, ಕೆಲವರು ವಕೀಲರಾದರು, ಕೆಲವರು ಬ್ಯಾಂಕು ಸೇರಿದರು, ಹಲವರು ತಾವೇ ಸೇಟ್ ಆದರು. ಆಮೇಲೆ ಹನ್ನೆರಡು ವರ್ಷದ ಇನ್ನೊಬ್ಬ ಹುಡುಗನನ್ನು ಊರಿನಿಂದ ಕರೆಸಿಕೊಂಡರು. ಈ ಕೊನೆಯ ವಾಕ್ಯ ನಮ್ಮ ಯಾವ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಲ್ಲೂ ಬರುವುದಿಲ್ಲ. 2006ರ ಅಕ್ಟೋಬರಿನಲ್ಲಿ ಹೋಟೆಲು, ಢಾಬಾಗಳಲ್ಲಿ ಮಕ್ಕಳ ದುಡಿಮೆಯನ್ನು ಸರಕಾರ ನಿಷೇಧಿಸಿದಾಗ ಎಷ್ಟೋ ಸೇಟ್‌ಗಳಿಗೆ ತಮ್ಮದೇ ಬಾಲ್ಯ ಕಾನೂನುಬಾಹಿರವಾದ ಹಾಗೆ ಅನಿಸಿತು.

ಮತಾಂತರದ ಮಾತು ಬಂದರೆ ನಮ್ಮವರು ಮಾರ್ಮನ್ನರನ್ನು ಎಲ್ಲೋ ಹಿಂದೆ ಹಾಕಿದರು. ಧರ್ಮಪ್ರಚಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟು 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಅಷ್ಟರೊಳಗೆ ಉಡುಪಿ ಮಿಶನ್ ಗುಜರಾತಿ, ಪಾರ್ಸಿ, ಮರಾಠಿ, ಸಿಂಧಿ ಎನ್ನದೆ ಇಡೀ ನಗರದ ಬೆಳಗಿನ ತಿಂಡಿಯನ್ನು ಸಾಮೂಹಿಕವಾಗಿ ಮತಾಂತರಿಸಿ ಮುಗಿಸಿತ್ತು, ಅದೂ ಆಮಿಷ ಒಡ್ಡಿ: ಸಾಂಬಾರು ಎಷ್ಟು ಸಲ ಬೇಕಾದರೂ ಬಿಟ್ಟಿ. ಪ್ರತಿರೋಧ ಬರಲಿಲ್ಲವೆಂದಲ್ಲ. 1966ರಲ್ಲಿ ಶಿವಸೇನೆ ಹುಟ್ಟಿತು, ಲುಂಗಿ ಎತ್ತಂಗಡಿ ಮಾಡಿ ಪುಂಗಿ ಊದುವ ಘೋಷಣೆ ಬೀದಿಗೆ ಬಂತು, ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. ಕಲ್ಲು ಹೊಡೆದು ದಣಿದವರಿಗೆ ದೋಸೆಯ ಬದಲು ವಡಾಪಾವ್ ಕೊಡುವ ಏರ್ಪಾಟೂ ಆಯಿತು, ತಿಂಡಿಯ ಘರ್‌ವಾಪಸಿ. ಈಗ ಎರಡೂ ಪಂಗಡ ಒಂದೇ ಫುಟ್‌ಪಾತಿನಲ್ಲಿವೆ. ಲುಂಗಿ ಮಾತ್ರ ಎಲ್ಲೂ ಕಾಣುವುದಿಲ್ಲ, ಸೇಟ್‌ಗಳು ಬರ್ಮುಡಾಕ್ಕೆ ಮತಾಂತರಗೊಂಡಿದ್ದಾರೆ.

ನಗರವನ್ನೆಲ್ಲ ತಿರುಗಿಸಿದ ಮಿಶನರಿಗಳು ತಮ್ಮ ಮನೆಯೊಳಗೆ ಸೋತದ್ದನ್ನು ಹೇಳಲು ಸಮಿತಿಗೆ ನಾಚಿಕೆ, ನನಗಿಲ್ಲ. ಮುಂಬೈ ಮಹಾನಗರಪಾಲಿಕೆ ಇಂದಿಗೂ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲಿ ಒಂದು. ಅಲ್ಲಿ ಓದುವುದು ಯಾರ ಮಕ್ಕಳು ಎಂದು ಕೇಳಬೇಡಿ, ನಮ್ಮ ಸಮಿತಿಯವರದಲ್ಲ. ನಮ್ಮವರು ಬಿಟ್ಟರೂ ಹೊರಗಿನಿಂದ ಬಂದ ಹುಡುಗರು ನಮ್ಮ ಭಾಷೆಯನ್ನು ಮೈಗೆ ಹತ್ತಿಸಿಕೊಂಡದ್ದು ಹೊಸತಲ್ಲ. 1853ರಲ್ಲಿ, ಅಂದರೆ ಫಿಂಡ್ಲೆ ಇಲ್ಲಿ ಒದ್ದಾಡುತ್ತಿದ್ದಾಗಲೇ, ಇಪ್ಪತ್ತೊಂದರ ಫರ್ಡಿನಂಡ್ ಕಿಟ್ಟೆಲ್ ಬಾಸೆಲ್ ಮಿಶನ್ನಿನ ಕೆಲಸಕ್ಕೆ ಬಂದ. ಎಷ್ಟು ಜನರನ್ನು ಕ್ರೈಸ್ತರನ್ನಾಗಿ ಮಾಡಿದನೋ, ಕನ್ನಡವಂತೂ ಅವನನ್ನು ಪೂರ್ತಿ ಮತಾಂತರಿಸಿತು. 1894ರಲ್ಲಿ ನಿಘಂಟು ಕೊಟ್ಟು ಕುಳಿತ. ಅಧ್ಯಕ್ಷರ ಮೊಮ್ಮಗ ಅದನ್ನು ಕಂಪ್ಯೂಟರ್ ಪರದೆ ಎತ್ತರಿಸಲು ಬಳಸುತ್ತಾನೆ.

ಇನ್ನು ಎರಡು ವರ್ಷಕ್ಕೆ ಮರಳಿ ಬರುವ ನಿಯಮ. ಇಲ್ಲಿ ಖಜಾಂಚಿ ಮತ್ತೆ ಎದ್ದರು. ಮಹಾರಾಷ್ಟ್ರಕ್ಕೆ ಬಂದ ಕನ್ನಡಿಗ ಮರಳಿದ್ದುಂಟೇ? ನಮ್ಮ ವಡಾಲದ ವಿಠೋಬನನ್ನೇ ನೋಡಿ. ಪಂಢರಪುರಕ್ಕೆ ಹೋಗಲಾಗದ ಮುಂಬೈಕರರು ಆಷಾಢ ಏಕಾದಶಿಗೆ ಇಲ್ಲಿ ಸಾಲು ಹಚ್ಚುತ್ತಾರೆ. ಆ ವಿಠಲ ಕನ್ನಡದವನು, ಕರ್ನಾಟಕದವನು ಎಂದು ಜ್ಞಾನೇಶ್ವರರೇ ಅಭಂಗದಲ್ಲಿ ಹೇಳಿದ್ದಾರೆ. ಬಂದವನು ಸೊಂಟಕ್ಕೆ ಕೈಯಿಟ್ಟು ನಿಂತೇ ಇದ್ದಾನೆ. ಆಧಾರ್ ಕಾರ್ಡಿನಲ್ಲಿ ವಿಳಾಸವೂ ಬದಲಾಯಿತು.

ಹಾಗಾದರೆ ನಿಯಮಕ್ಕೆ ಹೊಂದುವ ಒಬ್ಬ ಯುವಕನೂ ಇಲ್ಲವೇ ಎಂದು ಅಧ್ಯಕ್ಷರು ಹತಾಶರಾಗಿ ಕೇಳುವ ಹೊತ್ತಿಗೆ ಹೋಟೆಲಿನ ಹುಡುಗ ಮೂರನೇ ಸುತ್ತಿನ ಕಾಫಿ ತಂದ. ಒಡಿಶಾದ ಗಂಜಾಂ ಕಡೆಯವನು, ಹತ್ತೊಂಬತ್ತು ವಯಸ್ಸು. ಕಾರ್ಯದರ್ಶಿ ತಮಾಷೆಗೆ ವಿಚಾರಿಸಿದರು. ಏಳುವುದು ಐದಕ್ಕೆ. ಮಲಗುವುದು ಹೋಟೆಲಿನ ಅಟ್ಟದಲ್ಲಿ, ಒಂಬತ್ತು ಜನ. ಊರಿಗೆ ಹೋಗಿ ಎರಡು ವರ್ಷದ ಮೇಲಾಯಿತು. ಅಮ್ಮನಿಗೆ ಫೋನು ಭಾನುವಾರ. ಪ್ರೇಮ? ಅವನು ನಾಚಿದ. ಕಾಫಿ? ಮಾಡುತ್ತಾನೆ, ಕುಡಿಯುವುದಿಲ್ಲ. ಶರಟಿನ ಮೇಲೆ ಹೋಟೆಲಿನ ಬಿಲ್ಲೆ ಉಂಟು. ಕನ್ನಡ? “ಬರ್ತದೆ ಸೇಟ್ರೆ. ಭಟ್ರು ಬಯ್ದು ಬಯ್ದು ಕಲಿಸಿದ್ರು. ತುಳುವೂ ಬರ್ತದೆ.” ಮಸಾಲೆ ದೋಸೆ ಹೊಯ್ಯುವುದೂ ಅವನೇ.

ಸಭೆ ಮೌನವಾಯಿತು. ಕಾರ್ಯದರ್ಶಿ ಉಪನಿಯಮ ತೆರೆದು ಮಾತೃಭಾಷೆ ಕನ್ನಡವಲ್ಲದವರಿಗೆ ಸದಸ್ಯತ್ವವಿಲ್ಲ ಎಂದು ಓದಿದರು. ಮಿಶನರಿಗೆ ಸದಸ್ಯತ್ವ ಬೇಡ ಎಂದು ಖಜಾಂಚಿ ವಾದಿಸಿದರು. ಅಧ್ಯಕ್ಷರು ಹುಡುಗನ ಹೆಗಲ ಮೇಲೆ ಕೈಯಿಟ್ಟು ಯೋಜನೆಯನ್ನು ವಿವರಿಸಿದರು. ಅವನು ತಟ್ಟೆ ಹಿಡಿದುಕೊಂಡೇ ಪೂರ್ತಿ ಕೇಳಿ, ಪಗಾರ ಎಷ್ಟು ಎಂದ.

“ಪಗಾರ ಇಲ್ಲ. ತಿಂಗಳಿಗೆ ಇಷ್ಟು ಅಂತ ನೀನೇ ಕೊಡಬೇಕು.”

“ನಮ್ಮೂರಿನ ಠೇಕೇದಾರನೂ ಹೀಗೆ ಹೇಳ್ಲಿಲ್ಲ ಸೇಟ್ರೆ” ಎಂದು ಅವನು ಖಾಲಿ ಲೋಟ ಎಣಿಸತೊಡಗಿದ. ಒಂದು ಕಡಿಮೆ ಬಂತು. ಯುವ ವಿಭಾಗದ ಕಾರ್ಯಾಧ್ಯಕ್ಷರು ಇನ್ನೂ ಕುಡಿಯುತ್ತಿದ್ದರು.